ನಿಲ್ಲುವ ಗಿಡ

"ಕಿತ್ತಿದ್ದೂ ಅಲ್ದೆ ಸಾಲಾಗಿ ಮಲಗಿಸಿ ಹೋಗಿದಾನಲ್ಲ! ಅವನ ಕೈ ಸೇದಿಹೋಗ!"

ಐಕರುವಳ ಕೂಗಿಗೆ, ಬಾಳೆತೋಟದಾಚೆ ಕಾಲುವೆ ನೀರು ತಿರುಗಿಸುತ್ತಿದ್ದ ಹೆಂಗಸರು ತಲೆ ಎತ್ತಿದರು. ಮೊನ್ನೆಯಷ್ಟೇ ನೆಟ್ಟ ಕಾಫಿ ಸಸಿಗಳು, ಒಂದು ಬೆಣ್ಣೆಹಣ್ಣಿನ ಕಸಿಗಿಡ, ಎಲ್ಲವೂ ಗುಂಡಿಗಳ ಪಕ್ಕದಲ್ಲಿ ಬೇರು ತೋರಿಸಿಕೊಂಡು ಬಿದ್ದಿದ್ದವು. ದನ ನುಗ್ಗಿದ್ದರೆ ತುಳಿದು ಹಾಕಿರುತ್ತಿತ್ತು. ಇದು ಮನುಷ್ಯನ ಕೆಲಸ. ಯಾವ ಮನುಷ್ಯ ಎಂದು ತಿಳಿಯಲು ಕಣಿ ಕೇಳಬೇಕಾಗಿರಲಿಲ್ಲ.

ಮೈದುನ ಸಿಫಾಯೆಲಿ ಮುಚ್ಚಿಡುವ ಗೋಜಿಗೇ ಹೋಗಲಿಲ್ಲ. ಪಕ್ಕದ ಅಂಗಳದಲ್ಲಿ ಹಲ್ಲುಜ್ಜುತ್ತಲೇ ಹೇಳಿದ. "ಹುರುಳಿ ಹಾಕ್ಕೊಳ್ಳಿ ಅತ್ತಿಗೆ, ಜೋಳ ಹಾಕ್ಕೊಳ್ಳಿ, ಯಾರು ಬೇಡ ಅಂದ್ರು? ನಿಲ್ಲೋ ಗಿಡ ಮಾತ್ರ ಬೇಡ."

"ಯಾಕೋ ಬೇಡ?"

"ಅಣ್ಣ ಹೋದ. ಗಂಡುಮಗ ಇಲ್ಲ. ನಿಮ್ಮ ಮಗಳು ಮಾಂಕ ಇವತ್ತಲ್ಲ ನಾಳೆ ಮದುವೆಯಾಗಿ ಹೋಗೋಳು. ಕಾಫಿ ನೆಟ್ಟು ಯಾರಿಗೆ ಕೊಡ್ತೀರಿ?"

ಅಲ್ಲಿಗೆ ಅವನ ಹೊಟ್ಟೆಯೊಳಗಿದ್ದ ಮಾತೆಲ್ಲ ಹೊರಗೆ ಬಂತು. ಕಿಲಿಮಂಜಾರೋದ ಆ ಇಳಿಜಾರಿನಲ್ಲಿ, ವರ್ಷಗಟ್ಟಲೆ ನಿಲ್ಲುವ ಗಿಡ ಯಾರು ನೆಟ್ಟರೋ ನೆಲ ಅವರದು. ಹುರುಳಿ ಹಾಕಿದವರನ್ನು ಕೊಯ್ಲು ಮುಗಿದ ಮೇಲೆ ಎಬ್ಬಿಸಬಹುದು. ಅದು ಐಕರುವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಅವಳು ಸಂತೆಯಲ್ಲಿ ಸಸಿ ಮಾರುವವನ ಮುಂದೆ ಅಷ್ಟು ಹೊತ್ತು ನಿಂತದ್ದು. ಅವನು ಪಪ್ಪಾಯಿ ತೋರಿಸಿದ, ಬೇಗ ಕಾಯಿ ಬಿಡುತ್ತದೆ ಎಂದ. ಬೇಗ ಬಿಡುವುದು ಬೇಗ ಸಾಯುತ್ತದೆ, ಬೇಡ ಎಂದಳು. ತಾನು ಸತ್ತ ಮೇಲೂ ನಿಂತಿರುವಂಥದ್ದು ಕೊಡು ಎಂದು ಕೇಳಿ, ಬಾಳೆಯ ನೆರಳಿಗೆ ಕಾಫಿ, ಬೇಲಿಯ ಬದಿಗೆ ಬೆಣ್ಣೆಹಣ್ಣು ಎಂದು ಒಂದೊಂದರ ಬೇರು ಮುಟ್ಟಿ ನೋಡಿ ಆರಿಸಿದ್ದಳು. ಮಗಳಿಗೆ ಒಂದು ತುಂಡು ನೆಲ ಉಳಿಯಬೇಕು, ಅಷ್ಟೇ ಅವಳ ಆಸೆ.

"ಹಾಗಾದ್ರೆ ಕೇಳ್ಕೋ. ಭಾನುವಾರ ಚರ್ಚಲ್ಲಿ ತಟ್ಟೆ ಹಿಡ್ಕೊಂಡು ಕಾಣಿಕೆ ಎತ್ತೋಕೆ ಬರ್ತೀಯಲ್ಲ, ಆಗ ಎದ್ದು ನಿಂತು ಹೇಳ್ತೀನಿ. ಈ ಧರ್ಮಾತ್ಮ ವಿಧವೆಯ ಗಿಡ ಕೀಳ್ತಾನೆ ಅಂತ!"

ಸಿಫಾಯೆಲಿಯ ಹಲ್ಲುಕಡ್ಡಿ ಬಾಯಲ್ಲೇ ನಿಂತಿತು. ಐಕರುವ ಸಸಿಗಳನ್ನು ಬಾಚಿಕೊಂಡು, ಬಾಳೆಪಟ್ಟೆಯನ್ನು ಒದ್ದೆ ಮಾಡಿ ಬೇರಿಗೆ ಸುತ್ತಿ, ನೆರಳಲ್ಲಿಟ್ಟಳು.

ಮಧ್ಯಾಹ್ನ ಅವನು ಕುಲದ ಹಿರಿಯ ತಾರಿಮೊ ಅಜ್ಜನನ್ನು ಕರೆದುಕೊಂಡು ಬಂದ. ಅಜ್ಜನ ಕೈಯಲ್ಲಿ ಗಂಟು ಹಾಕಿದ ಉದ್ದನೆಯ ಇಸಲೆ ಎಲೆ. ಕಂಡಕೂಡಲೇ ಐಕರುವಳಿಗೆ ಮೈಯೆಲ್ಲ ಉರಿದುಹೋಯಿತು. ಇಸಲೆ ಹಿಡಿದು ಕ್ಷಮೆ ಕೇಳಲು ಬಂದವರನ್ನು ಆ ಎಲೆ ತೆಗೆದುಕೊಳ್ಳದೆ ಕಳಿಸುವಂತಿಲ್ಲ, ಕೊಲೆಗಾರನಾದರೂ ಸರಿ. ತೆಗೆದುಕೊಂಡ ಮೇಲೆ ಆ ಮಾತು ಮತ್ತೆ ಎತ್ತಿದರೆ ತಪ್ಪು ಎತ್ತಿದವರದೇ. ಎಷ್ಟು ಮನೆಗಳ ಜಗಳ ತಣಿಸಿದ ಎಲೆ! ಈ ಮನೆಹಾಳ ಅದನ್ನು, ಭಾನುವಾರ ಅವಳು ಸೊಲ್ಲೆತ್ತದಂತೆ, ಅವಳ ಬಾಯಿಗೆ ತುರುಕಲು ತಂದಿದ್ದ.

"ತಗೋ ಮಗಳೇ. ತಪ್ಪಾಯ್ತು ಅಂತಿದಾನೆ."

"ಅವನ ಬಾಯಲ್ಲೇ ಬರ್ಲಿ ಅಜ್ಜ."

"ತಪ್ಪಾಯ್ತು," ಎಂದ ಸಿಫಾಯೆಲಿ, ಬಾಳೆಗೊನೆ ನೋಡುತ್ತಾ.

ಐಕರುವ ಎರಡೂ ಕೈಯಲ್ಲಿ ಎಲೆ ತೆಗೆದುಕೊಂಡಳು. ಅಜ್ಜ ನಿಟ್ಟುಸಿರು ಬಿಟ್ಟು, ಬಾಳೆಹಣ್ಣಿನ ಹೆಂಡವೇನಾದರೂ ಇದೆಯೇ ಎಂದು ಬಾಗಿಲ ಕಡೆ ನೋಡಿದ. ಮುಖ ಅರಳಿಸಿಕೊಂಡು ಸಿಫಾಯೆಲಿ ಹೊರಟೇಬಿಟ್ಟ.

"ನಿಲ್ಲು! ಅಜ್ಜ, ಆಡು ಕದ್ದವನು ಇಸಲೆ ತಂದ್ರೆ, ಆಡನ್ನ ಅವನೇ ಇಟ್ಕೋತಾನಾ?"

ಅಜ್ಜ ಗಡ್ಡ ಕೆರೆದುಕೊಂಡ. "ಅದು ಹ್ಯಾಗಾಗುತ್ತೆ? ಆಡು ವಾಪಸ್ ಬರ್ಲೇಬೇಕು."

"ನನ್ನ ಗಿಡಾನೂ ಗುಂಡಿಗೆ ವಾಪಸ್ ಹೋಗ್ಲಿ ಹಾಗಾದ್ರೆ."

ಸಿಫಾಯೆಲಿ ಹಿಂದಿರುಗಿ ಬಂದ. ಮಾತಿಗೆ ಜೇನು ಸುರಿಸಿದ. "ಅಷ್ಟೇ ತಾನೇ? ಕೊಡಿ ಅತ್ತಿಗೆ. ಈ ಕೈಯಿಂದಲೇ ಕಿತ್ತೆ, ಈ ಕೈಯಿಂದಲೇ ನೆಡ್ತೀನಿ."

"ಒಳ್ಳೇ ಮಾತು," ಎಂದು ಅಜ್ಜ ತಲೆದೂಗಿದ.

ಐಕರುವ ಸಸಿ ಚಾಚಿಯೂ ಆಗಿತ್ತು. ಅವನ ಬೆರಳು ತಗಲುವಷ್ಟರಲ್ಲಿ ಅವಳಿಗೆ ಹೊಳೆಯಿತು. ನೆಟ್ಟವನು ಇವನಾದರೆ ಗಿಡ ಇವನದು, ನೆಲವೂ ಇವನದು. ಸಾಕ್ಷಿಗೆ ಇದೇ ಅಜ್ಜ! ಕೈಯನ್ನು ಸರಕ್ಕನೆ ಹಿಂದೆಗೆದುಕೊಂಡಳು. ಗುದ್ದಲಿ ಎತ್ತಿ ಅವನ ಕಾಲ ಬುಡಕ್ಕೆ ಎಸೆದಳು.

"ಗುಂಡಿ ತೋಡು. ನಿನ್ನ ಕೊಟ್ಟಿಗೆ ಗೊಬ್ಬರ ತಾ. ನೀರು ಹೊರು. ಗಿಡ ಮುಟ್ಟಿದ್ಯೋ, ನೋಡು! ಅಜ್ಜ, ನೀವು ಇಲ್ಲೇ ಕೂತ್ಕೊಳ್ಳಿ. ನೆಡೋರು ಯಾರು ಅಂತ ಕಣ್ಣಾರೆ ನೋಡಿ."

ಅಜ್ಜನಿಗೆ ಆಗ ಅರ್ಥವಾಯಿತು. ಸಿಫಾಯೆಲಿಯನ್ನೊಮ್ಮೆ ದುರುಗುಟ್ಟಿ ನೋಡಿ, ಗುಂಡಿಯ ಎದುರಿಗಿದ್ದ ಕಲ್ಲಿನ ಮೇಲೆ ಗಟ್ಟಿಯಾಗಿ ಕುಳಿತ. ಕಾಲುವೆಯ ಹೆಂಗಸರೂ ಕೆಲಸ ಬಿಟ್ಟು ಬೇಲಿಯ ಬಳಿ ಸೇರಿದ್ದರು.

ಬೆಣ್ಣೆಹಣ್ಣಿನ ಕಸಿ ಸತ್ತಿತ್ತು. ಕಾಫಿಯಲ್ಲಿ ಕೆಲವು ಉಳಿದಿದ್ದವು. ಐಕರುವ ಮೊಣಕಾಲೂರಿ ಒಂದೊಂದನ್ನೇ ನಿಲ್ಲಿಸಿ, ಮಣ್ಣನ್ನು ಮುಷ್ಟಿಯಿಂದ ಗುದ್ದಿ ಗುದ್ದಿ ಕೂರಿಸಿದಳು. ಸಿಫಾಯೆಲಿ ಬಗ್ಗಿ ಬುಡಕ್ಕೆ ನೀರು ಹೊಯ್ಯುತ್ತಾ, ಸಾಕೇ ಎಂಬಂತೆ ಅವಳ ಮುಖ ನೋಡಿದ. ಅವಳು ಮುಂದಿನ ಗಿಡದ ಬುಡ ತೋರಿಸಿದಳು. ಅವನು ಕೊಡ ಎತ್ತಿಕೊಂಡು, ಹೆಂಗಸರ ನಡುವೆ ದಾರಿ ಮಾಡಿಕೊಳ್ಳುತ್ತಾ, ಮತ್ತೆ ಕಾಲುವೆಗೆ ಹೋದ.