ಕೆಟ್ಟ ಸುದ್ದಿಗೆ ಕುರ್ಚಿ

ಒಳ್ಳೆಯ ಸುದ್ದಿ ತಂದವರು ಆ ಕೋಣೆಯಲ್ಲಿ ನಿಂತೇ ಹೇಳಬೇಕು; ಕೆಟ್ಟ ಸುದ್ದಿ ತಂದವರಿಗೆ ಮಾತ್ರ ಕುರ್ಚಿ, ಅದೂ ಬಸ್ ಡಿಪೋದ ಮ್ಯಾನೇಜರ್ ಕೂರುವ ಕುರ್ಚಿಯೇ. ಬಾಗಿಲಲ್ಲಿ ಯಾರಾದರೂ ಮುಖ ಸಣ್ಣದು ಮಾಡಿಕೊಂಡು ನಿಂತರೆ ಸಾಕು, ಆಕೆ ಎದ್ದು ಬಂದು, ತೋಳು ಹಿಡಿದು ಕರೆತಂದು, ತಮ್ಮ ಜಾಗದಲ್ಲಿ ಅವನನ್ನು ಕೂರಿಸಿ, ತಾವು ಕಿಟಕಿಗೆ ಒರಗಿ ನಿಂತು “ಆಮೇಲೆ?” ಎನ್ನುತ್ತಿದ್ದರು. ಮೊದಲನೆಯದನ್ನೇ ಇನ್ನೂ ಹೇಳದವನ ಬಳಿ ಆಮೇಲಿನದನ್ನು ಕೇಳುವ ಈ ಚಾಳಿಯಿಂದಾಗಿ ಡಿಪೋದಲ್ಲಿ ಅವರಿಗೆ ‘ಆಮೇಲಮ್ಮ’ ಎಂದೇ ನಾಮಕರಣವಾಗಿತ್ತು. ಅದು ಅವರ ಕಿವಿಗೂ ಬಿದ್ದಿತ್ತು. ಬಿದ್ದದ್ದಕ್ಕೆ ಒಳಗೊಳಗೇ ಖುಷಿಯೂ ಇತ್ತು.

ಮೊಣಕಾಲು ಮುಟ್ಟುವ ನೀಲಿ ಕೋಟು, ಅದರ ತೋಳಂಚಿನಲ್ಲಿ ಯಾವ ಸೋಪಿಗೂ ಜಗ್ಗದ ಗ್ರೀಸಿನ ಕಲೆ. ತೆರೆದಿಟ್ಟ ಎಂಜಿನ್ನೊಂದನ್ನು ಬಗ್ಗಿ ನೋಡದೆ ದಾಟಿಹೋಗಲು ಅವರಿಗೆ ಈ ಜನ್ಮದಲ್ಲಿ ಸಾಧ್ಯವಿರಲಿಲ್ಲ. ನಡಿಗೆಯಂತೂ ಕೊನೆಯ ಬಸ್ಸು ಹಿಡಿಯಬೇಕಾದವರ ನಡಿಗೆ. ಯಾರಿಗೆ ಏನು ಹೇಳಬೇಕಾದರೂ ಅವರಿದ್ದಲ್ಲಿಗೇ ಹೋಗಿ ಹೇಳಿ, ಕೊನೆಗೆ “ಈಗ ನೀವು ಹೇಳಿ” ಎಂದು ಕೇಳಿಸಿಕೊಂಡವರ ಬಾಯಿಂದಲೇ ಅದನ್ನು ಮತ್ತೆ ಹೇಳಿಸುತ್ತಿದ್ದರು. ತಲೆ ನರೆತ ಡ್ರೈವರುಗಳು ಮಗ್ಗಿ ಒಪ್ಪಿಸುವ ಮಕ್ಕಳಂತೆ ಒಪ್ಪಿಸಿ, ಬೆನ್ನು ತಿರುಗಿದೊಡನೆ ಹಲ್ಲು ಕಿರಿಯುತ್ತಿದ್ದರು. ಹಿಂದಿದ್ದ ಸಾಹೇಬರ ಕಾಲದಲ್ಲಿ ಈ ಕಿರಿಕಿರಿ ಇರಲಿಲ್ಲ. ಆಗ ಕೆಟ್ಟ ಸುದ್ದಿ ತಂದವನಿಗೇ ಮೊದಲ ಏಟು; ಹಾಗಾಗಿ ಡಿಪೋದಲ್ಲಿ ಎಲ್ಲವೂ ಸದಾ ಸುಸೂತ್ರವಾಗಿರುತ್ತಿತ್ತು, ಬಸ್ಸು ನಡುದಾರಿಯಲ್ಲಿ ಕೈಕೊಡುವ ತನಕ.

ಆ ಸಾಹೇಬರ ಕೈಕೆಳಗೆ ಪಳಗಿದ ಮೆಕ್ಯಾನಿಕ್ ಒಬ್ಬನಿದ್ದ. ಒಂದು ಬೆಳಿಗ್ಗೆ ಅವನು ಗುಡ್ಡದ ದಾರಿಯ ಬಸ್ಸಿಗೆ ಮುಂದಿನ ಗಾಲಿ ಕೂರಿಸಿ, ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ, ಇನ್ನೇನು ಸ್ಪ್ಯಾನರ್ ಹಾಕಿ ಬಿಗಿಯಬೇಕು ಎನ್ನುವಾಗ ಕೂಗು ಕೇಳಿ, ಬೇರೊಂದು ಬಸ್ಸಿನ ಹತ್ತಿರ ಓಡಿದ. ಮರಳಿ ಬರುವಷ್ಟರಲ್ಲಿ ಜಾಗ ಖಾಲಿ. ಬಸ್ಸಿನ ತುಂಬ ಜನ. ಓಡಿಸುತ್ತಿದ್ದವನು ಅವನ ಅಕ್ಕನ ಗಂಡ. ಕೈಯಲ್ಲಿ ತಿರುಗಿಸಿದ್ದೇ ಸಾಕಾದೀತೇನೋ, ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ತಿಳಿದೀತು ಎಂದು ಮನಸ್ಸಿನಲ್ಲಿದ್ದ ಹಳೆಯ ಸಾಹೇಬರು ಹೇಳುತ್ತಿರುವಾಗಲೇ, ಕಾಲುಗಳು ಅವನನ್ನು ಕೇಳದೆ ಮ್ಯಾನೇಜರ್ ಕೋಣೆಯತ್ತ ಓಡಿದ್ದವು. ಆ ಕುರ್ಚಿಯಲ್ಲಿ ಅವನು ಕೂತದ್ದು ಅದೇ ಮೊದಲು.

“ಆಮೇಲೆ?”

“ಗುಡ್ಡದ ಬಸ್ಸು ಮೇಡಂ. ಮುಂದಿನ ಗಾಲಿ ನಟ್ಟು ಬಿಗಿ ಮಾಡಿಲ್ಲ. ಭಾವ ಓಡಿಸ್ತಿದಾರೆ.”

ಸ್ಟೇರಿಂಗ್ ಹಿಡಿದವರು ಫೋನು ಮುಟ್ಟಕೂಡದೆಂದು ಆಜ್ಞೆ ಹೊರಡಿಸಿದ್ದವರು ಆಮೇಲಮ್ಮನೇ. ಭಾವನೋ ಆಜ್ಞೆಯನ್ನು ಅಕ್ಷರಶಃ ಪಾಲಿಸುವ ಮಹಾನುಭಾವ. ಆ ಬಸ್ಸಿನ ಕಂಡಕ್ಟರಿಗೆ ಫೋನು ಮಾಡಿದರೆ, ಅದು ಪಕ್ಕದ ವಿಶ್ರಾಂತಿ ಕೋಣೆಯ ಗೋಡೆಯಲ್ಲಿ ಚಾರ್ಜಿಗೆ ನೇತಾಡುತ್ತಾ ಕುಣಿದು ಕುಣಿದು ಬಾರಿಸಿಕೊಂಡಿತು. ಉಸಿರುಗಟ್ಟಿದ ಆ ಹೊತ್ತಿನಲ್ಲೂ ಯಾರೋ ಕಿಸಕ್ಕೆಂದರು. ಆಮೇಲಮ್ಮ ತಡಮಾಡದೆ, ಅದೇ ದಾರಿಯಲ್ಲಿ ಗುಡ್ಡ ಇಳಿದು ಬರುತ್ತಿದ್ದ ಬಸ್ಸಿನ ಕಂಡಕ್ಟರನ್ನು ಹಿಡಿದರು.

“ಎದುರಿಗೆ ನಮ್ಮ ಬಸ್ಸು ಬರುತ್ತೆ. ಲೈಟು ಹಾಕಿ ನಿಲ್ಲಿಸಿ, ಜನರನ್ನ ಇಳಿಸಿ. ಗಾಲಿ ನಟ್ಟು ಸಡಿಲ ಇದೆ, ನಿಂತ ಜಾಗದಿಂದ ಅದು ಕದಲಬಾರದು. ಈಗ ನೀವು ಹೇಳಿ.”

ಪ್ರಾಣ ಹೋಗುವಾಗಲೂ ಮಗ್ಗಿಯೇ ಎಂದು ಮೆಕ್ಯಾನಿಕ್ ಹಲ್ಲು ಕಚ್ಚಿದ.

“ನಿಲ್ಲಿಸ್ತೀವಿ, ಜನರನ್ನ ಇಳಿಸ್ತೀವಿ, ಖಾಲಿ ಬಸ್ಸನ್ನ ನಿಧಾನಕ್ಕೆ ಡಿಪೋಗೆ ವಾಪಸ್ ಕಳಿಸ್ತೀವಿ ಮೇಡಂ.”

“ಕಳಿಸಬಾರದು. ಅಲ್ಲೇ ಇರ್ಲಿ. ಇನ್ನೊಂದ್ಸಲ ಹೇಳಿ.”

ಎರಡನೆಯ ಸಲ ಕಂಡಕ್ಟರ್ ಸರಿಯಾಗಿ ಒಪ್ಪಿಸಿದ. ಖಾಲಿ ಬಸ್ಸಿನಲ್ಲೂ ಭಾವ ಇರುತ್ತಿದ್ದನಲ್ಲ ಎಂಬುದು ಮೆಕ್ಯಾನಿಕ್‌ಗೆ ಆಗ ಹೊಳೆದು, ಕಚ್ಚಿದ ಹಲ್ಲು ತಾನಾಗಿ ಸಡಿಲವಾಯಿತು.

ಸಾಮಾನು ಹೇರಿಕೊಂಡು ಅವನು ವ್ಯಾನಿನಲ್ಲಿ ಅಲ್ಲಿಗೆ ಮುಟ್ಟಿದಾಗ, ದೊಡ್ಡ ತಿರುವಿಗೆ ಸ್ವಲ್ಪ ಈಚೆ ಎರಡು ಬಸ್ಸುಗಳು ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಪ್ರಯಾಣಿಕರು ರಸ್ತೆಬದಿಯ ಕಟ್ಟೆಯ ಮೇಲೆ ಕೂತು ಶಪಿಸುತ್ತಿದ್ದರು. ಒಂದು ನಟ್ಟು ಎಲ್ಲೋ ಬಿದ್ದೇಹೋಗಿತ್ತು, ಉಳಿದವು ಬೆರಳು ತಾಗಿದರೆ ತಿರುಗುತ್ತಿದ್ದವು.

“ಏನೋ ಭಾವಮೈದ, ನಿಮ್ಮಕ್ಕ ಬೆಳಿಗ್ಗೇನೇ ನನ್ನ ಮೇಲೆ ದೂರು ಕೊಟ್ಟಿದ್ಲಾ?” ಎಂದ ಭಾವ. ಹಾಗೆಂದವನು, ಮೆಕ್ಯಾನಿಕ್ ಗಾಲಿಯ ಮುಂದೆ ಕೂರುವವರೆಗೂ ಅವನ ಭುಜದ ಮೇಲಿಟ್ಟ ಕೈ ತೆಗೆಯಲಿಲ್ಲ.

ಸಂಜೆ ಮತ್ತೆ ಅದೇ ಕೋಣೆ, ಅದೇ ಕುರ್ಚಿ.

“ಅರ್ಧಕ್ಕೆ ಬಿಟ್ಟು ಎದ್ದಿದ್ದು ಯಾಕಪ್ಪ?”

“ಕರೆದ್ರು ಮೇಡಂ.”

“ಯಾರು?”

ಮೆಕ್ಯಾನಿಕ್ ಬೆಳಿಗ್ಗೆ ಹೇಳಿದ್ದು ತನ್ನ ತಪ್ಪನ್ನು. ಅದು ಇದರ ಮುಂದೆ ಹೂವೆತ್ತಿದಷ್ಟು ಹಗುರ.

“ಆಮೇಲೆ?” ಎಂದರು ಆಕೆ, ಮೆಲ್ಲಗೆ.

“ನೀವೇ ಮೇಡಂ. ಈ ಕಿಟಕಿಯಿಂದಲೇ ಕೂಗಿದ್ರಿ, ಇದ್ದದ್ದು ಬಿಟ್ಟು ಬೇಗ ಆ ಇನ್ನೊಂದು ಬಸ್ಸು ನೋಡು ಅಂತ.”

ಆಮೇಲಮ್ಮನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಮರುಗಳಿಗೆ ಅವರು ಅಂಗಳದಲ್ಲಿದ್ದರು, ಕೋಟು ಹಾರಿಸಿಕೊಂಡು ಎಲ್ಲರನ್ನೂ ಗುಂಪುಗೂಡಿಸಿ, “ಇವನು ಎದ್ದು ಹೋಗಿದ್ದು ತಪ್ಪು, ಕಿಟಕಿಯಲ್ಲಿ ನಿಂತು ನಾನು ಕೂಗಿದ್ದು ಅದಕ್ಕಿಂತ ದೊಡ್ಡ ತಪ್ಪು. ಗಾಲಿ ಮುಂದೆ ಕೂತವನು ಇನ್ಮೇಲೆ ನಾನು ಕರೆದ್ರೂ ಏಳಬಾರದು. ಈಗ ನೀವು ಹೇಳಿ” ಎಂದರು. ಮ್ಯಾನೇಜರ್ ಎದುರಿಗೆ ನಿಂತು ‘ನೀವು ಕರೆದರೆ ಏಳುವುದಿಲ್ಲ’ ಎನ್ನಲು ಯಾರಿಗೆ ನಾಲಿಗೆ ಏಳುತ್ತದೆ? ಮೊದಲು ಹೇಳಿದವನು ಮೆಕ್ಯಾನಿಕ್. ಹಿಂದೆಯೇ ಅಂಗಳಕ್ಕೆ ಅಂಗಳವೇ ಹೇಳಿತು.

ಮರುದಿನ ಆಕೆ ಯಾವುದೋ ಅವಸರದಲ್ಲಿ ಅವನ ಬೆನ್ನ ಹಿಂದೆ ನಿಂತು ಕರೆದರು. ಗಾಲಿಯಿಂದ ತಲೆಯೆತ್ತದೆ ಅವನು, “ಬಿಗಿ ಮಾಡಿ ಬರ್ತೀನಿ ಮೇಡಂ, ನಿಂತಿರಿ” ಎಂದ. ಅವರು ನಿಂತರು, ಬಹುಮಾನ ಬಂದ ಹುಡುಗಿಯ ಹಾಗೆ, ಸುತ್ತ ಇದ್ದವರಿಗೆಲ್ಲ ಕಣ್ಣಲ್ಲೇ ಅದನ್ನು ತೋರಿಸುತ್ತಾ ನಿಂತರು.

ಇಂಥವರು ನಡೆಸುವ ಸಂಸ್ಥೆಗಳು ದೂರದಿಂದ ನೋಡುವವರಿಗೆ ಸಂತೆಯಂತೆ ಕಾಣುತ್ತವೆ: ಎಲ್ಲರೂ ಮಾತಾಡುವವರೇ, ಎದುರು ಹೇಳುವವರೇ. ಇಂಥವರು ಮೇಲಿನವರ ಮುನಿಸಿಗೂ ನಷ್ಟಕ್ಕೂ ಅಷ್ಟಾಗಿ ಹೆದರುವುದಿಲ್ಲ. ಕೆಲಸದ ಜಾಗದಲ್ಲಿ ಇದ್ದಕ್ಕಿದ್ದಂತೆ ಎಲ್ಲವೂ ಸುಸೂತ್ರವೆಂದು ತೋರಿ, ತಮ್ಮ ಬಳಿಗೆ ಯಾರೂ ಏನನ್ನೂ ತರದೆ ಹೋದ ದಿನವೇ ಅವರಿಗೆ ನಿದ್ದೆ ಬರುವುದಿಲ್ಲ.