ಮೂವತ್ತಾರು ಅಂತ ಇಟ್ಕೊಳ್ಳೋಣ

ಪುಸ್ತಕ ಬೈಂಡಿಂಗ್ ಮಾಡುವವರು ಪುಸ್ತಕ ಓದಬಾರದು. ಓದಲು ಕೂತರೆ ಅಂದಿನ ಕೆಲಸ ಕೆಟ್ಟಿತೆಂದೇ ತಿಳಿಯಬೇಕು. ನಲವತ್ತು ವರ್ಷ ಮಗಳಿಗೂ ಊರಿಗೂ ಇದನ್ನೇ ಹೇಳಿಕೊಂಡು ಬಂದ ಮುದುಕ ಅಂದು ತಾನೇ ಓದಿ ಕೆಟ್ಟ.

ಶಾಲೆಯೊಂದರಿಂದ ಬಂದಿದ್ದ ಹಳೇ ಗಣಿತದ ಪುಸ್ತಕದ ಹೊಲಿಗೆ ಬಿಚ್ಚುತ್ತಿದ್ದಾಗ ಆ ಸಾಲು ಕಣ್ಣಿಗೆ ಬಿತ್ತು. ಒಂದು ಕೆಲಸವನ್ನು ಒಬ್ಬರು ಹನ್ನೆರಡು ದಿನದಲ್ಲಿ ಮುಗಿಸುತ್ತಾರೆ, ಇನ್ನೊಬ್ಬರು ಮೂವತ್ತಾರು ದಿನದಲ್ಲಿ. ಇಬ್ಬರೂ ಸೇರಿದರೆ ಎಷ್ಟು ದಿನ? ಅವನ ಕೈ ನಡುಗಲು ಶುರುವಾದ ಮೇಲೆ ಮಗಳು ಮೂರು ಪುಸ್ತಕ ಮುಗಿಸುವಷ್ಟರಲ್ಲಿ ಅವನದು ಒಂದಾಗುತ್ತಿತ್ತು. ತನ್ನ ಸಂಗತಿಯನ್ನೇ ಯಾರೋ ಅಚ್ಚು ಹಾಕಿಸಿದ್ದಾರೆ ಅನ್ನಿಸಿತು.

ರಟ್ಟಿನ ಚೂರಿನ ಮೇಲೆ ಲೆಕ್ಕ ಹಾಕಿದ. ಎರಡನ್ನೂ ಕೂಡಿಸಿದರೆ ನಲವತ್ತೆಂಟು, ಇಬ್ಬರಿಗೆ ಹಂಚಿದರೆ ಇಪ್ಪತ್ತನಾಲ್ಕು. ಅಂದರೆ ಮಗಳು ಒಬ್ಬಳೇ ಹನ್ನೆರಡು ದಿನದಲ್ಲಿ ಮುಗಿಸುವುದನ್ನು ತಾನು ಜೊತೆ ಸೇರಿ ಇಪ್ಪತ್ತನಾಲ್ಕಕ್ಕೆ ಎಳೆಯುತ್ತಿದ್ದೇನೆ! ಹೊಲಿಗೆಯಲ್ಲಿ ಎಂದೂ ಎಳೆ ತಪ್ಪದ ಮನುಷ್ಯ ಲೆಕ್ಕದಲ್ಲಿ ಮಾತ್ರ ಮೊದಲಿನಿಂದಲೂ ಅಷ್ಟಕ್ಕಷ್ಟೇ. ತನ್ನ ಸೂಜಿ, ದಬ್ಬಳ, ಮೇಣದ ಉಂಡೆಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ.

"ಏನಪ್ಪಾ, ಗಂಟುಮೂಟೆ ಕಟ್ತಿದೀಯ?" ಅಂಟು ಕಲಸುತ್ತಿದ್ದ ಮಗಳು ಕೇಳಿದಳು.

"ನಾಳೆಯಿಂದ ಮನೇಲೇ ಇರ್ತೀನಮ್ಮ. ನಿನ್ನ ಕೆಲಸಕ್ಕೆ ನಾನೇ ಅಡ್ಡಗಾಲು. ನೋಡು, ಪುಸ್ತಕದಲ್ಲೇ ಇದೆ."

ಮಗಳು ಓದಿದಳು. ರಟ್ಟಿನ ಮೇಲಿನ ಲೆಕ್ಕ ನೋಡಿ ನಕ್ಕಳು. ಅಪ್ಪನ ಮುಖ ನೋಡಿ ನಗು ನಿಲ್ಲಿಸಿದಳು. ಇಲ್ಲಿ ಕೂತು ಹೊಲಿಯುವುದು ಬಿಟ್ಟರೆ ಅಪ್ಪ ಹಾಸಿಗೆ ಹಿಡಿಯುತ್ತಾನೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಒಟ್ಟು ಕೆಲಸ ಎಷ್ಟೂಂತ ಇಲ್ಲಿ ಹೇಳೇ ಇಲ್ವಲ್ಲಪ್ಪ. ನಮಗೆ ಅನುಕೂಲವಾಗಿದ್ದು ಇಟ್ಕೋಬಹುದು. ಮೂವತ್ತಾರು ಪುಸ್ತಕ ಅಂತ ಇಟ್ಕೊಳ್ಳೋಣ." ಮೇಜಿನ ಮೇಲೆ ಮೂರು ಪುಸ್ತಕ ಇಟ್ಟಳು, ಪಕ್ಕದಲ್ಲಿ ಒಂದು. "ಹನ್ನೆರಡು ದಿನಕ್ಕೆ ಮೂವತ್ತಾರು ಅಂದ್ರೆ ದಿನಕ್ಕೆ ನಂದು ಮೂರು. ನಿಂದು ಒಂದು. ಒಟ್ಟು?"

"ನಾಲ್ಕು."

"ಮೂವತ್ತಾರು ಮುಗಿಯೋಕೆ?"

ಮುದುಕ ಬೆರಳು ಮಡಿಸಿದ. "ಒಂಬತ್ತು." ಕೂಡಲೇ ಹುಬ್ಬು ಗಂಟಿಕ್ಕಿದ. "ನನಗೆ ಬೆಣ್ಣೆ ಹಚ್ಚಬೇಡ. ನಿನಗೆ ಬೇಕಾದ ಸಂಖ್ಯೆ ಇಟ್ಕೊಂಡ್ರೆ ನಿನಗೆ ಬೇಕಾದ ಉತ್ತರ ಬರುತ್ತೆ."

"ಹಾಗಾದ್ರೆ ನೀನೇ ಹೇಳು."

"ಎಪ್ಪತ್ತೆರಡು!"

"ನಂದು ಆರು, ನಿಂದು ಎರಡು, ಒಟ್ಟು ಎಂಟು. ಎಂಟೊಂಬತ್ಲಿ ಎಪ್ಪತ್ತೆರಡು."

ಮುದುಕ ಅಷ್ಟಕ್ಕೂ ಬಗ್ಗಲಿಲ್ಲ. ಬಿಚ್ಚಿಟ್ಟ ಹಾಳೆಗಳಲ್ಲಿ ಕೊನೇ ಕಟ್ಟು ಹುಡುಕಿ, ಕನ್ನಡಕ ಏರಿಸಿ ಉತ್ತರ ನೋಡಿದ. ಅಲ್ಲೂ ಒಂಬತ್ತೇ ಇತ್ತು.

"ನೀನಿಲ್ದಿದ್ರೆ ನನಗೆ ಹನ್ನೆರಡು ದಿನ," ಎಂದಳು ಮಗಳು. "ಮೂರು ದಿನ ಜಾಸ್ತಿ ದುಡಿಸಬೇಕು ಅಂತಿದೀಯಾ?"

ಮುದುಕನಿಗೆ ನಡುಗುವ ಕೈಯಲ್ಲಿ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಸೂಜಿ ತೆಗೆದ, ದಾರದ ತುದಿಗೆ ಮೇಣ ತಿಕ್ಕಿದ, ಪೋಣಿಸಲಾಗದೆ ಎಂದಿನಂತೆ ಮಗಳ ಮುಂದೆ ಹಿಡಿದ. ಆಮೇಲೆ ಏನೋ ಹೊಳೆದು ಕೈ ಹಿಂದಕ್ಕೆ ಎಳೆದುಕೊಂಡ.

"ದಿನಾ ಇದನ್ನ ಪೋಣಿಸಿಕೊಡ್ತೀಯಲ್ಲ, ಆ ಹೊತ್ತನ್ನ ಲೆಕ್ಕಕ್ಕೆ ಹಿಡಿದೆಯಾ?"

ಮಗಳು ಅವನ ಕೈಯಿಂದ ಸೂಜಿ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಇಲ್ಲ. ಲೆಕ್ಕದಲ್ಲಿ ಹಿಡಿಯೋದು ಕೆಲಸ ಮಾತ್ರ," ಎಂದಳು. "ಇದು ಕೆಲಸ ಅಲ್ಲಪ್ಪ."