ಕನ್ನಿಮೂಲೆಯ ಮಣ್ಣು

ದಿವಾಕರನ ಹೊಸ ಮನೆಯ ಹಿತ್ತಲಲ್ಲಿ ಮೊದಲ ಗುಂಡಿ ತೋಡಿಸಿದಾಗ ಪ್ರಕೃತಿಗೆ ತವರಿನ ಹೊಲವೇ ಕಣ್ಣೆದುರು ಬಂದಂತಾಯಿತು. ಗದಗಿನ ಕಡೆಯ ಎರೆಮಣ್ಣಿನಂಥದೇ ಮಣ್ಣು. ನೀರು ಹನಿಸಿ ಹೆಬ್ಬೆರಳಿನಿಂದ ತೀಡಿದರೆ ಹರಿಯದೆ ಪಟ್ಟಿಯಾಗಿ ಉದ್ದಕ್ಕೆ ಬಂತು. ಮೊಣಕಾಲಾಳ ಇಳಿದ ಮೇಲೆ ಸುಣ್ಣದ ಹರಳುಗಳು ಬೆಳ್ಳಗೆ ಇಣುಕಿದವು. ಇಂಥ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಹುಲ್ಲುಹಾಸು ಬೇಕೆಂದರೆ ಮರಳು, ಗೊಬ್ಬರ ಬೆರೆಸಬೇಕು. ನಿಂತ ನೀರು ಹರಿದುಹೋಗಲು ದಾರಿ ಕೊಡಬೇಕು.

ಧಾರವಾಡದಲ್ಲಿ ತೋಟಗಾರಿಕೆ ಓದಿದ್ದ ಪ್ರಕೃತಿ ಮದುವೆಯಾಗಿ ಕೊಯಮತ್ತೂರಿಗೆ ಬಂದವಳು. ಗಂಡನಿಗೆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಇವಳು ಮನೆಗಳಿಗೆ ಕೈತೋಟ ಯೋಜಿಸಿಕೊಡುತ್ತಿದ್ದಳು. ಸೋಮನೂರಿನ ದಿವಾಕರ್ ಅವಳನ್ನು ಹುಡುಕಿಕೊಂಡು ಬಂದದ್ದು ಭಾಷೆಯ ಕಾರಣಕ್ಕೆ. ಅವನ ಹಿರಿಯರು ಎಷ್ಟೋ ತಲೆಮಾರುಗಳ ಹಿಂದೆ ಮೈಸೂರು ಸೀಮೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತವರು. ಅವನ ಕಾಲಕ್ಕೆ ಬೇಸಾಯ ಹೋಗಿ ಪವರ್‌ಲೂಮ್ ಬಂದಿತ್ತು.

"ನಮ್ಮ ಮನೇಲೂ ಕನ್ನಡಾನೇ ಮೇಡಂ. ಓದಕ್ಕೆ ಬರಲ್ಲ, ಅಷ್ಟೇ," ಎಂದಿದ್ದ. "ನೀವಾದ್ರೆ ಅಮ್ಮನ ಹತ್ರ ಚೆನ್ನಾಗಿ ಪೇಸಬಹುದು." ಮಾತಾಡುವುದಕ್ಕೆ ಅವನು ತಮಿಳಿನ ಹಾಗೆ ಪೇಸುವುದು ಎನ್ನುತ್ತಿದ್ದ.

ಅವನ ಹೆಂಡತಿ ನಿವೇತಾ ಸಿರುಮುಗೈಯವಳು. ಮದುವೆಯಾದಾಗಿನಿಂದ ಊರೊಳಗಿನ ಇಕ್ಕಟ್ಟಾದ ಮನೆಯಲ್ಲಿದ್ದು ಬೇಸತ್ತಿದ್ದಳು. ಈಗ ಹಳೆಯ ಜಮೀನಿನಲ್ಲಿ ಮನೆ ಎದ್ದ ಮೇಲೆ ಅವಳ ಆಸೆಗಳಿಗೆ ಕೊನೆಯಿರಲಿಲ್ಲ. ಮಲ್ಲಿಗೆಯ ಚಪ್ಪರ, ಕರಿಬೇವು, ನಡುವೆ ಹುಲ್ಲು. ದಿವಾಕರನದು ಒಂದೇ ಬೇಡಿಕೆ: ನೈಋತ್ಯದ ಮೂಲೆಯಲ್ಲಿ ನಾಲ್ಕು ಕಲ್ಲುಕಂಬದ ಮಂಟಪ.

"ಕನ್ನಿಮೂಲೆಯಲ್ಲಿ ಭಾರ ಇರಬೇಕು ಅಂತ ವಾಸ್ತು ನೋಡೋರು ಹೇಳಿದ್ದಾರೆ. ಎಷ್ಟು ಭಾರ ಇದ್ದರೆ ಅಷ್ಟು ಒಳ್ಳೇದು."

ಅವನ ತಾಯಿ ಬೆಳ್ಳಿಯಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಎಲೆಯಡಿಕೆ ಮೆಲ್ಲುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳೇ ವಿನಾ ಬಾಯಿ ಬಿಡಲಿಲ್ಲ. ಆದರೆ ಅವಳ ನಡಿಗೆಯಲ್ಲಿ ಪ್ರಕೃತಿ ಒಂದು ವಿಚಿತ್ರ ಕಂಡಳು. ಹಿಂಬಾಗಿಲಿಂದ ಬೇಲಿಯ ಬೇವಿನ ಮರಕ್ಕೆ ನೆಟ್ಟಗೆ ದಾರಿಯಿತ್ತು. ಮುದುಕಿ ಮಾತ್ರ ಕನ್ನಿಮೂಲೆ ಹತ್ತಿರವಾದೊಡನೆ ಬದಿಗೆ ಸರಿದು, ಕಣ್ಣಿಗೆ ಕಾಣದ ಯಾವುದೋ ಕಟ್ಟೆಯನ್ನು ಬಳಸುವವಳಂತೆ ದುಂಡಗೆ ಸುತ್ತಿ ಹೋಗುತ್ತಿದ್ದಳು. ಬರುವಾಗಲೂ ಹಾಗೆಯೇ.

ಆ ಮೂಲೆಯ ಮಣ್ಣು ಪರೀಕ್ಷಿಸುವ ದಿನ ಬಂತು. ಗುದ್ದಲಿ ಹಾಕಿದರೆ ಕೆಂಪುಮಣ್ಣು. ಸುತ್ತೆಲ್ಲ ಎರೆ, ಇಲ್ಲಿ ಮಾತ್ರ ಕುಂಕುಮದ ಹಾಗೆ ಕೆಂಪು! ಪ್ರಕೃತಿ ಕುಳಿತು ಮುಷ್ಟಿಯಲ್ಲಿ ಹಿಡಿದು ನೋಡಿದಳು. ಬೇರಿಲ್ಲ, ಹುಳುವಿಲ್ಲ, ಪದರವಿಲ್ಲ. ಎಲ್ಲಿಂದಲೋ ಲಾರಿಯಲ್ಲಿ ತಂದು ಸುರಿದ ಮಣ್ಣು. ಮಣ್ಣು ತೆಗೆಯುವ ಉದ್ದ ಸಲಾಕೆಯನ್ನು ತಿರುಗಿಸುತ್ತ ಇಳಿಸಿದಳು. ಇಟ್ಟಿಗೆ ಚೂರು ಅಡ್ಡ ಬಂದವು. ಅವುಗಳನ್ನು ತಪ್ಪಿಸಿ ಇನ್ನಷ್ಟು ಒತ್ತಿದಾಗ ಸಲಾಕೆ ಕೈಯಿಂದ ಜಾರಿ ಹಿಡಿಯವರೆಗೂ ಸರ್ರನೆ ಇಳಿದುಬಿಟ್ಟಿತು. ಕೆಳಗೆ ಏನೂ ಇಲ್ಲದ ಹಾಗೆ.

ಮೇಲಕ್ಕೆಳೆದಾಗ ಅದರ ತುದಿಗೆ ಕಪ್ಪಾಗಿ ಕೊಳೆತ ನೂಲಿನ ಮುದ್ದೆ ಸುತ್ತಿಕೊಂಡಿತ್ತು. ಸತ್ತ ಹೆಗ್ಗಣದ ನಾತ. ಕೂತಲ್ಲಿಂದ ಏಳದೆ, ಅಂಗೈ ಊರಿಕೊಂಡು ಹಿಂದೆ ಹಿಂದೆ ಸರಿದು ಎರೆಮಣ್ಣಿನ ಮೇಲೆ ಬಂದ ಬಳಿಕವೇ ಪ್ರಕೃತಿ ಎದ್ದು ನಿಂತದ್ದು.

"ಅದಾ? ಮನೆ ಕಟ್ಟುವಾಗ ಲೂಮಿನ ವೇಸ್ಟ್ ಹಾಕಿದ್ದು. ಒಣ್ಣೂ ಇಲ್ಲ, ಏನೂ ಇಲ್ಲ ಬಿಡಿ," ಎಂದ ದಿವಾಕರ್. ನಗುತ್ತಿದ್ದ. ಕಣ್ಣು ಮಾತ್ರ ಸಲಾಕೆಯ ತುದಿಯಿಂದ ಕದಲಲಿಲ್ಲ.

ಅವನು ಒಳಗೆ ಹೋದ ಮೇಲೆ ಪ್ರಕೃತಿ ಬೆಳ್ಳಿಯಮ್ಮನ ಪಕ್ಕ ಬಂದು ಕುಳಿತಳು.

"ಅಜ್ಜೀ, ಅಲ್ಲಿ ಮೊದಲು ಏನಿತ್ತು?"

ಮುದುಕಿ ಬಾಗಿಲ ಕಡೆ ಒಮ್ಮೆ ನೋಡಿದಳು. "ಬಾವಿ ಮೇಲೆ ಕಲ್ಲು ನಿಲ್ಲಿಸ್ತೀಯಾ ಅಮ್ಮಣಿ? ನಿಲ್ಲುತ್ತಾ?"

ಆಮೇಲೆ ತಗ್ಗಿದ ದನಿಯಲ್ಲಿ ಒಂದೊಂದಾಗಿ ಹೇಳಿದಳು. ಅದು ಎರಡು ಮನೆಗೆ ಸೇರಿದ ಬಾವಿ. ಅರ್ಧ ಪಾಲು ಇವರದು, ಅರ್ಧ ಅವಳ ಭಾವನ ಮಗ ಲಿಂಗಪ್ಪನ್‌ನದು. ಲಿಂಗಪ್ಪನ್ ಬಹಳ ದಿನದಿಂದ ಕುನ್ನತ್ತೂರಿನಲ್ಲಿ ನೆಲೆಸಿದ್ದ, ಈ ಕಡೆಯ ಜಮೀನು ಪಾಳು ಬಿದ್ದಿತ್ತು. ಅವನಿಲ್ಲದ ಹೊತ್ತು ನೋಡಿ, ಆ ಜಾಗವೂ ತನಗೇ ಆಗಲೆಂದು ದಿವಾಕರ್ ಬಾವಿಗೆ ಮೊದಲು ಮುಳ್ಳು, ಬಾಳೆದಿಂಡು, ಮೂಟೆಗಟ್ಟಲೆ ಹತ್ತಿಯ ಕಸ, ಮೇಲೆ ಇಟ್ಟಿಗೆ ಚೂರು, ಅದರ ಮೇಲೆ ಕೆಂಪುಮಣ್ಣು ಹಾಕಿಸಿದ. ಲಿಂಗಪ್ಪನ್ ಬಂದು ಕೇಳಿದರೆ, ಬಾವಿ ಇದ್ದದ್ದು ಆಚೆ, ರೋಡು ಅಗಲ ಮಾಡಿದಾಗ ಅದರಡಿಗೆ ಹೋಯಿತು ಎಂದುಬಿಟ್ಟ.

"ನಾನು ಮದುವೆಯಾಗಿ ಬಂದ ದಿನದಿಂದ ನೀರು ಸೇದಿದ ಬಾವಿ," ಎಂದಳು ಮುದುಕಿ. "ಇಲ್ಲ ಅಂತ ಹೇಳು ಅಂತಾನೆ ಮಗ. ಬಾಯಲ್ಲಿ ಹೇಳ್ತೀನಿ. ಕಾಲು ಕೇಳಲ್ಲ ಅಮ್ಮಣಿ."

ತನ್ನನ್ನು ಕರೆಸಿದ್ದು ತೋಟ ಮಾಡಲಿಕ್ಕಲ್ಲ, ಮುಚ್ಚಲಿಕ್ಕೆ ಎಂಬುದು ಪ್ರಕೃತಿಗೆ ಆಗ ತಿಳಿಯಿತು. ಅವಳು ದಿವಾಕರನಿಗೆ ಬಿಡಿಸಿ ಹೇಳಿದಳು: ಹತ್ತಿ, ಬಾಳೆದಿಂಡು ಕೊಳೆತರೆ ಕುಗ್ಗುತ್ತವೆ, ಒಳಗೆ ಪೊಳ್ಳಾಗುತ್ತದೆ, ಮೇಲಿನ ಮಣ್ಣು ಬರೀ ಮುಚ್ಚಳ. ಅಲ್ಲಿ ಕಲ್ಲುಕಂಬವಲ್ಲ, ಕುರ್ಚಿ ಇಡುವುದೂ ಅಪಾಯ. ಎಲ್ಲ ತೆಗೆದು ಕಲ್ಲುಮಣ್ಣಿನಿಂದ ಒತ್ತಿ ತುಂಬಿಸಬೇಕು, ಇಲ್ಲವೇ ಬಾವಿಯಾಗಿಯೇ ಬಿಡಬೇಕು.

ದಿವಾಕರನ ಮುಖ ಕಪ್ಪಿಟ್ಟಿತು. ಕನ್ನಡ ಬಿಟ್ಟು ತಮಿಳಿಗೆ ಹೊರಳಿ ಏನೇನೋ ಅಂದ. ಕೊನೆಗೆ ಮತ್ತೆ ಕನ್ನಡದಲ್ಲಿ, ಮೆಲ್ಲಗೆ ಹೇಳಿದ: "ನೀವು ಗಿಡ ನೋಡೋಕೆ ಬಂದೋರು. ಗಿಡ ನೋಡಿ. ಬಾವಿ ಅನ್ನೋ ಮಾತು ಈ ಕಾಂಪೌಂಡ್ ದಾಟಬಾರದು."

ಪ್ರಕೃತಿ ಕೆಲಸ ಬಿಟ್ಟಳು. ಹೊರಡುವ ಮುಂಚೆ ನಿವೇತಾಳನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಹೇಳಿದಳು. ಅವಳು ಗಂಡನ ಮಾತನ್ನೇ ನಂಬಿದಳು.

ಮಂಟಪವನ್ನು ಬೇರೆಯವರು ನಿಲ್ಲಿಸಿಕೊಟ್ಟರು. ಆ ವರ್ಷ, ಎರಡು ಸಾವಿರದ ಐದರಲ್ಲಿ, ದೀಪಾವಳಿಯ ಹೊತ್ತಿನ ಐಪಸಿ ತಿಂಗಳ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮಳೆ ಜೋರಾದಾಗಲೆಲ್ಲ ಪ್ರಕೃತಿಗೆ ಆ ಮೂಲೆಯದೇ ಧ್ಯಾನ. ಒಂದು ಮಧ್ಯಾಹ್ನ ನಿವೇತಾಳ ಫೋನ್ ಬಂತು.

"ಅಕ್ಕಾ, ಎಲ್ಲಾ ಕಡೆ ನೀರು ನಿಂತಿದೆ. ಮಂಟಪದ ಹತ್ರ ಮಾತ್ರ ಒಂದು ಹನಿ ನಿಲ್ತಿಲ್ಲ. ಹುಲ್ಲು ದುಂಡಗೆ ಸೀಳಿದೆ, ಕೈ ಹೋಗುತ್ತೆ ಒಳಗೆ. ನಾಳೆ ಸರ್ವೇಯರ್ ಬರ್ತಾರೆ, ಲಿಂಗಪ್ಪಭಾವ ಅರ್ಜಿ ಹಾಕಿದ್ದಾರೆ. ಇವರು ಅಲ್ಲೇ ಕೂರಿಸಿ ಟೀ ಕೊಡ್ತಾರಂತೆ. ಇದು ಹುಟ್ಟುಮಣ್ಣು ಅಂತ ನಿಮ್ಮಿಂದ ಹೇಳಿಸ್ಬೇಕಂತೆ. ಬಂದುಬಿಡಿ, ನನಗೆ ಭಯ."

ಪ್ರಕೃತಿ ಮಾರನೆಯ ಬೆಳಿಗ್ಗೆ ಬಸ್ಸು ಹಿಡಿದು ಹೋದಳು. ಮಳೆ ಹೊಳವಾಗಿತ್ತು. ದಿವಾಕರ್ ಬಿಳಿ ಪಂಚೆಯುಟ್ಟು ಮಂಟಪದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಪಕ್ಕದಲ್ಲಿ ಟೀ ಫ್ಲಾಸ್ಕು. ಒಂದು ಕಂಬ ನೆಟ್ಟಗಿರಲಿಲ್ಲ. ಅವಳಿಗೆ ದೂರದಿಂದಲೇ ಕಂಡಿತು. ಸರ್ವೇಯರ್ ಕೊಡೆ ಮಡಿಸುತ್ತ ಮೆಟ್ಟಿಲ ಬಳಿ ನಿಂತಿದ್ದರು. ನರೆಗೂದಲಿನ ಲಿಂಗಪ್ಪನ್ ಹುಲ್ಲಿನಂಚಿಗೆ ಬಂದವನು ಅಲ್ಲೇ ನಿಂತ.

"ಬಾಂಗ ಅಣ್ಣಾ, ಒಳಗೆ ಕೂತು ಟೀ ಕುಡೀರಿ," ಎಂದ ದಿವಾಕರ್.

"ಆ ನೀರು ಕುಡಿದು ಬೆಳೆದವನು ನಾನು. ಅದರ ತಲೆ ಮೇಲೆ ಕೂತು ಟೀ ಕುಡಿಯಲ್ಲ."

ದಿವಾಕರ್ ನಕ್ಕು ಪ್ರಕೃತಿಯ ಕಡೆ ತಿರುಗಿದ. "ಮೇಡಂ ಮಣ್ಣಿನ ಓದು ಓದಿದವರು. ಹೇಳಿ ಮೇಡಂ, ಸರ್ವೇಯರ್ ಸಾರ್ ಕೇಳಲಿ. ಇದು ಹುಟ್ಟುಮಣ್ಣು ತಾನೇ?"

ಪ್ರಕೃತಿ ಹುಲ್ಲಿನ ಸೀಳಿನತ್ತ ಕೈ ತೋರಿದಳು. "ಇದು ತುಂಬಿಸಿದ ಮಣ್ಣು. ಕೆಳಗೆ ಬಾವಿ ಇದೆ. ದಿವಾಕರ್, ಮೊದಲು ಇಳಿದು ಬನ್ನಿ. ಮೆಲ್ಲಗೆ ಬನ್ನಿ."

"ಯಾರು ಹೇಳಿದ್ದು?" ಅವನ ಕಣ್ಣು ಮೆಟ್ಟಿಲ ಮೇಲಿನ ತಾಯಿಯತ್ತ ಹೋಯಿತು. "ಅಮ್ಮನಾ?"

ಬೆಳ್ಳಿಯಮ್ಮ ಎದ್ದಳು. "ಇಳಿದು ಬಾ ದಿವಾ."

"ಬರಲ್ಲ. ಇಲ್ಲೇನೂ ಇಲ್ಲ. ನೋಡಿ, ನಾನು ಕೂತಿದ್ದೀನಲ್ಲ!"

"ಹಾಗಾದ್ರೆ ನಾನೂ ಬರ್ತೀನಿ," ಎಂದಳು ಮುದುಕಿ. ಈ ಸಲ ಅವಳು ಬಳಸಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಸರಿನಲ್ಲಿ ಹೆಜ್ಜೆ ಕೀಳುತ್ತ, ನೆಟ್ಟಗೆ ಮಂಟಪದ ಕಡೆಗೇ ನಡೆದಳು. ಪ್ರಕೃತಿ ಕೈ ಹಿಡಿಯಹೋದರೆ ಕೊಡವಿಕೊಂಡಳು. ಹುಲ್ಲಿನ ಸೀಳು ಅವಳ ಮುಂದೆಯೇ ಇತ್ತು. ಅವಳು ಅದರಾಚೆಗೆ ಕಾಲೆತ್ತಿದಳು.

"ಅಮ್ಮಾ!" ದಿವಾಕರ್ ಕುರ್ಚಿ ಒದ್ದು ಎದ್ದ. "ಬರಬೇಡ! ಬಾವಿ ಮೇಲೆ ಕಾಲಿಡಬೇಡ! ಬಾವಿ ಅಮ್ಮಾ, ಬಾವಿ!"

ಎಲ್ಲರೂ ಕೇಳಿಸಿಕೊಂಡರು. ಬೆಳ್ಳಿಯಮ್ಮ ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು. ದಿವಾಕರ್ ಅವಳತ್ತ ಓಡಿಬರಲು ಮಂಟಪದಿಂದ ಧುಮುಕಿದ. ನೆಲ ಅವನನ್ನು ತಡೆಯಲಿಲ್ಲ. ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಬಟ್ಟೆ ಹರಿದಂಥ ಸದ್ದು, ಅಷ್ಟೇ. ಹುಲ್ಲು, ಮಂಟಪ, ಕುರ್ಚಿ, ಅವನು, ಎಲ್ಲ ಒಟ್ಟಿಗೆ ಕುಸಿದವು. ಪ್ರಕೃತಿ ಮುದುಕಿಯನ್ನು ನಡುವಿಗೆ ಅಪ್ಪಿ ಹಿಂದಕ್ಕೆಳೆದು ಕೆಸರಿನಲ್ಲಿ ಬಿದ್ದಳು.

ಲೂಮಿನ ಶೆಡ್ಡಿನಿಂದ ಜನ ಓಡಿಬಂದರು. ಕೊಳೆತ ಹತ್ತಿಯ ಮೇಲೆ ದಿವಾಕರ್ ಎದೆಯವರೆಗೆ ಹೂತು, ಒಂದು ಕಾಲಿನ ಮೇಲೆ ಕಲ್ಲುಕಂಬ ಒರಗಿ, ಕೂಗುವುದಕ್ಕೂ ತ್ರಾಣವಿಲ್ಲದೆ ಬಾಯಿ ತೆರೆದಿದ್ದ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದವನು ಲಿಂಗಪ್ಪನ್. ಬೇರೆ ಯಾರೂ ಇಳಿಯಲು ಒಪ್ಪಲಿಲ್ಲ. ದಿವಾಕರನನ್ನು ಮೇಲೆತ್ತುವಷ್ಟರಲ್ಲಿ ಮಳೆ ಮತ್ತೆ ಶುರುವಾಗಿತ್ತು.

ದಿವಾಕರ್ ಉಳಿದ, ಕಾಲು ಉಳಿಯಲಿಲ್ಲ. ಬಾವಿಯ ಪಾಲಿನ ತಕರಾರನ್ನು ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಅಣ್ಣತಮ್ಮಂದಿರು ಮುಗಿಸಿಕೊಂಡರು. ಲಿಂಗಪ್ಪನ್ ಕೇಳಿದ್ದಕ್ಕೆಲ್ಲ ಇವನು ತಲೆಯಾಡಿಸಿದ. ಆದರೆ ನೆಲದ ತಕರಾರು ಮುಗಿಯಲಿಲ್ಲ. ಎರೆಮಣ್ಣು ನೀರು ಕುಡಿದು ಸುತ್ತ ಕಳಚತೊಡಗಿತು. ಬಾವಿಯ ಬಾಯಿ ಅಗಲವಾಗುತ್ತ, ದಂಡೆ ಅಡುಗೆಮನೆಯ ಗೋಡೆಯತ್ತ ಬರತೊಡಗಿತು. ನಿವೇತಾ ಸಾಮಾನು ಕಟ್ಟಿಸಿ ಎಲ್ಲರನ್ನೂ ಊರೊಳಗಿನ ಹಳೆಯ ಮನೆಗೆ ಕರೆದೊಯ್ದಳು.

ಸಂಕ್ರಾಂತಿ ಕಳೆದು, ತೈ ತಿಂಗಳಲ್ಲಿ ಪ್ರಕೃತಿ ನೋಡಲು ಹೋದಾಗ ದಿವಾಕರ್ ಜಗಲಿಯ ಮೇಲೆ ಕುಳಿತಿದ್ದ. ಊರುಗೋಲು ಗೋಡೆಗೊರಗಿತ್ತು. ತಲೆಯೆತ್ತದೆ ಕೇಳಿದ:

"ಅದು ಮನೆ ತನಕ ಬರುತ್ತಾ ಮೇಡಂ?"

ಪ್ರಕೃತಿ ಬರುವ ದಾರಿಯಲ್ಲಿ ಆ ಹಿತ್ತಲನ್ನು ನೋಡಿಕೊಂಡೇ ಬಂದಿದ್ದಳು. ಅಡುಗೆಮನೆಯ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕೊಂದು ಕಿಟಕಿಯಿಂದ ಕೆಳಗಿಳಿದು ಮಣ್ಣಿನೊಳಗೆ ಹೋಗಿತ್ತು.

"ಗೊತ್ತಿಲ್ಲ," ಎಂದಳು. "ಇನ್ನೊಂದು ಮಳೆ ಆಗಬೇಕು."